ವಂಶದ ಬಳುವಳಿ
(ಸಂಘದ ರಾಜ್ಯೋತ್ಸವದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಹಬ್ಬದ ದಿನ ರೋಗದ ಮಾತೇಕೆಂದು ಕೆಲವರಿಗೆ ಅನಿಸಬಹುದು. ಆದರೆ ಮನೆಮಂದಿಯೆಲ್ಲ ಕೂಡಿದಾಗಲೇ ಮನೆಯ ಮಾತನ್ನಾಡಬೇಕು. 1956ರ ನವೆಂಬರ್ 1ರಂದು ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು ಹೈದರಾಬಾದು ರಾಜ್ಯದಿಂದ ಬೇರೆಯಾಗಿ ಮೈಸೂರು ರಾಜ್ಯವನ್ನು ಸೇರಿದವು. ಗಡಿ ಸರಿಯಿತು, ರಕ್ತಸಂಬಂಧ ಸರಿಯಲಿಲ್ಲ. ಅಕ್ಕ ಅಲ್ಲಿ, ತಂಗಿ ಇಲ್ಲಿ ಎಂಬ ಸಂಸಾರಗಳೇ ನಮ್ಮಲ್ಲಿ ಹೆಚ್ಚು.

ಅಂಥ ಒಂದು ಮನೆಯನ್ನು ಊಹಿಸಿಕೊಳ್ಳಿ. ರಾಯಚೂರಿನ ಅಜ್ಜಿ ಹೊಟ್ಟೆಯಲ್ಲಿ ನೀರು ತುಂಬಿ ತೀರಿಕೊಂಡರು; ಜಲೋದರವೆಂದು ಎಲ್ಲರೂ ನಂಬಿದರು. ಧಾರವಾಡಕ್ಕೆ ಕೊಟ್ಟ ಹಿರಿಯ ಮಗಳಿಗೆ ಸ್ತನದಲ್ಲಿ ಗಡ್ಡೆ. ಅದನ್ನು ಯಾರಿಗೂ ತಿಳಿಸಲಿಲ್ಲ. ಹೈದರಾಬಾದಿನಲ್ಲಿರುವ ಕಿರಿಯ ಮಗಳಿಗೆ ಈಗ ಅಂಡಾಶಯದ ಕ್ಯಾನ್ಸರ್. ಮೂರು ಊರಿನ ಈ ಮೂರು ಸಂಕಟಗಳೂ ಒಂದೇ ಎಳೆಯಿಂದ ಬಂದಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ.

ಆ ಎಳೆ ಯಾವುದು? ನಮ್ಮ ಜೀವಕೋಶಗಳಲ್ಲಿ ಬಿ.ಆರ್.ಸಿ.ಎ.-1, ಬಿ.ಆರ್.ಸಿ.ಎ.-2 ಎಂಬ ವಂಶವಾಹಿಗಳಿವೆ. ಡಿ.ಎನ್.ಎ.ಯಲ್ಲಿ ಉಂಟಾಗುವ ಬಿರುಕುಗಳನ್ನು ಸರಿಪಡಿಸುವುದು ಇವುಗಳ ಕೆಲಸ. ಮೊದಲನೆಯದು 17ನೆಯ ವರ್ಣತಂತುವಿನಲ್ಲಿದೆಯೆಂದು 1990ರಲ್ಲಿ ಅಮೆರಿಕದ ವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ ತೋರಿಸಿಕೊಟ್ಟರು. ಇವುಗಳಲ್ಲಿ ಹುಟ್ಟಿನಿಂದಲೇ ದೋಷವಿದ್ದರೆ ದುರಸ್ತಿಯ ಕೆಲಸ ಕುಂದಿ, ಕ್ಯಾನ್ಸರಿಗೆ ದಾರಿಯಾಗಬಹುದು. ಅಂಡಾಶಯದ ಕ್ಯಾನ್ಸರ್ ಜೀವಮಾನದಲ್ಲಿ ಸಾಮಾನ್ಯವಾಗಿ ನೂರು ಸ್ತ್ರೀಯರಲ್ಲಿ ಸುಮಾರು ಒಬ್ಬರಿಗೆ ಬರುತ್ತದೆ. ಮೊದಲನೆಯ ವಂಶವಾಹಿಯಲ್ಲಿ ದೋಷವಿರುವ ನೂರು ಮಂದಿಯಲ್ಲಿ ಸುಮಾರು ನಲವತ್ತು ಮಂದಿಗೆ ಬರಬಹುದು. ಹಾಗಾದರೂ ದೋಷವಿದ್ದವರಿಗೆಲ್ಲ ರೋಗ ಬಂದೇ ತೀರುವುದೆಂದಲ್ಲ. ಇದು ಪರದೇಶದವರ ಕಥೆಯೂ ಅಲ್ಲ. ದಕ್ಷಿಣ ಭಾರತದ ಸ್ತ್ರೀಯರಲ್ಲಿ ಇಂಥ ದೋಷಗಳಿರುವುದನ್ನು ಬೆಂಗಳೂರಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ್ದಾರೆ.

ಇದು ಹೆಣ್ಣಿನ ಕಡೆಯಿಂದಲೇ ಬರುವುದೆಂಬ ಭಾವನೆ ತಪ್ಪು. ತಂದೆಯಿಂದಲೂ ಬರುತ್ತದೆ, ಗಂಡಾಗಲಿ ಹೆಣ್ಣಾಗಲಿ, ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಆದ್ದರಿಂದ ಸೊಸೆಯನ್ನಾಗಲಿ ಅವಳ ತವರನ್ನಾಗಲಿ ದೂರುವುದಕ್ಕೆ ಕಾರಣವಿಲ್ಲ.

ಪರೀಕ್ಷೆಯನ್ನು ರೋಗಿಯಿಂದಲೇ ಆರಂಭಿಸತಕ್ಕದ್ದು. ಸ್ವಲ್ಪ ರಕ್ತ ಸಾಕು. ಮನೆತನದಲ್ಲಿ ಹಿಂದೆ ಯಾರಿಗೂ ರೋಗವಿಲ್ಲದಿದ್ದರೂ ಮಾಡಿಸುವುದು ಲೇಸು. ಫಲ ಕೆಲವು ವೇಳೆ ಸ್ಪಷ್ಟವಾಗಿರುವುದಿಲ್ಲ. ಆದುದರಿಂದ ಬಲ್ಲವರ ಸಲಹೆ ಅವಶ್ಯಕ. ನಮ್ಮ ಊರಿನ ನಿಜಾಂ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಇದಕ್ಕೆಂದೇ ತಳಿವಿಜ್ಞಾನ ವಿಭಾಗವಿದೆ. ದೋಷ ಕಂಡರೆ ರೋಗಿಗೆ ಒಲಾಪರಿಬ್‌ನಂಥ ಔಷಧಿ ನೆರವಾಗಬಲ್ಲದು. ಅಮೆರಿಕದಲ್ಲಿ ಅದಕ್ಕೆ 2014ರಲ್ಲಿ ಅನುಮತಿ ದೊರೆಯಿತು. ಆಮೇಲೆ ಅಕ್ಕತಂಗಿಯರು, ಅಣ್ಣತಮ್ಮಂದಿರು, ಪ್ರಾಯಕ್ಕೆ ಬಂದ ಮಕ್ಕಳು ಅದೊಂದೇ ದೋಷವನ್ನು ಹುಡುಕಿಸಿಕೊಂಡರೆ ಸಾಕು. ದೋಷವುಳ್ಳ ಸ್ತ್ರೀ ಮಕ್ಕಳಾದ ಮೇಲೆ, ದೋಷ ಮೊದಲನೆಯ ವಂಶವಾಹಿಯದಾದರೆ 35ರಿಂದ 40ರ ವಯಸ್ಸಿನೊಳಗೆ, ಎರಡನೆಯದಾದರೆ 40ರಿಂದ 45ರೊಳಗೆ, ಅಂಡಾಶಯ ಮತ್ತು ಅಂಡನಾಳಗಳನ್ನು ತೆಗೆಸಿಕೊಂಡರೆ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ಈ ರೋಗವನ್ನು ಮೊದಲೇ ಕಂಡುಹಿಡಿದು ಸಾವನ್ನು ತಪ್ಪಿಸುವ ನಂಬಲರ್ಹವಾದ ತಪಾಸಣೆ ಇನ್ನೂ ಇಲ್ಲದಿರುವುದರಿಂದಲೇ ಈ ಮಾತಿಗೆ ಇಷ್ಟು ಬೆಲೆ.

ಮಗಳ ಮದುವೆಗೆ ಅಡ್ಡಿಯಾದೀತೆಂದು ತಾಯಂದಿರು ಇದನ್ನು ಮುಚ್ಚಿಡುತ್ತಾರೆ. ಆ ಭಯ ಸುಳ್ಳೆಂದು ನಾನು ಹೇಳಲಾರೆ. ಊರಿಗೆಲ್ಲ ಸಾರಬೇಕಾಗಿಯೂ ಇಲ್ಲ. ಆದರೆ ಒಡಹುಟ್ಟಿದವರಿಂದಲೇ ಮುಚ್ಚಿಟ್ಟರೆ, ಉಳಿಯಬಹುದಾಗಿದ್ದ ಜೀವ ಹೋದೀತು. ಧಾರವಾಡದ ಅಕ್ಕ ಆಗಲೇ ಬಾಯಿ ಬಿಟ್ಟಿದ್ದರೆ ಹೈದರಾಬಾದಿನ ತಂಗಿ ಎಚ್ಚರಗೊಳ್ಳುತ್ತಿದ್ದಳಲ್ಲವೇ?

ನಮ್ಮ ಗೋತ್ರ, ಮನೆದೇವರು, ಮೂಲದ ಊರು ನಮಗೆ ಗೊತ್ತು. ಅಜ್ಜಿ ಯಾವ ರೋಗದಿಂದ ಸತ್ತಳೆಂಬುದು ಗೊತ್ತಿಲ್ಲ. ಮುಂದಿನ ಸಾರಿ ಊರಿಗೆ ಹೋದಾಗ ಹಿರಿಯರ ಬಳಿ ಕುಳಿತು ಕೇಳಿ, ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ತಂದೆಯ ಕಡೆಯದನ್ನೂ ಬರೆಯಿರಿ. ಮಕ್ಕಳಿಗೆ ನಾವು ಬಿಟ್ಟುಹೋಗುವ ಆಸ್ತಿಯಲ್ಲಿ ಅದೂ ಒಂದು.