ಗೋಡೆಯನ್ನು ಕೊರೆಯದೆ ಗೋಡೆಗೂಡು

ಹಳೆಯ ಮಣ್ಣಿನ ಮನೆಗಳಲ್ಲಿ ಗೋಡೆಯೇ ಕಪಾಟಾಗಿತ್ತು. ದೀಪಕ್ಕೆ, ದೇವರಿಗೆ, ಪಂಚಾಂಗಕ್ಕೆ, ಲೆಕ್ಕದ ಕಡತಕ್ಕೆ ಒಂದೊಂದು ಗೂಡು. ಒಂದೂವರೆ ಎರಡಡಿ ದಪ್ಪದ ಗೋಡೆ ಕಟ್ಟುವಾಗಲೇ ಗೂಡಿನ ಜಾಗ ಬಿಟ್ಟು, ಮೇಲೊಂದು ಮರದ ಹಲಗೆ ಅಡ್ಡ ಇಟ್ಟು ಭಾರ ಹೊರಿಸುತ್ತಿದ್ದರು. ಆ ಗೂಡಿನ ಚೆಲುವನ್ನು ಮನಸ್ಸಿನಲ್ಲಿಟ್ಟುಕೊಂಡು ಈಗಿನ ಮನೆಯ ಗೋಡೆಯನ್ನು ಕೊರೆದು ಪುಸ್ತಕ ಜೋಡಿಸಬೇಕೆಂಬ ಆಸೆ ಅನೇಕರದು. ಆಸೆ ಒಳ್ಳೆಯದೇ. ಆದರೆ ಇಂದಿನ ಗೋಡೆ ಅದಕ್ಕೆ ತಕ್ಕದ್ದಲ್ಲ. ಗೋಡೆಯ ಮುಂದೆ ಕಪಾಟು ಕಟ್ಟಿ, ಅದು ಗೋಡೆಯೊಳಗೇ ಇದ್ದಂತೆ ಕಾಣಿಸುವುದೇ ಸರಿಯಾದ ದಾರಿ ಎಂಬುದು ನನ್ನ ವಾದ.

ಅಳತೆಯನ್ನೇ ನೋಡಿ. ಇಟ್ಟಿಗೆ ಮನೆಗಳ ಹೊರಗೋಡೆ ಸಾಮಾನ್ಯವಾಗಿ ಒಂಬತ್ತು ಇಂಚು, ಒಳಗಿನ ಅಡ್ಡಗೋಡೆ ನಾಲ್ಕೂವರೆ ಇಂಚು. ಅಡ್ಡಗೋಡೆಯಲ್ಲಿ ಗೂಡಿನ ಮಾತೇ ಇಲ್ಲ. ಹೊರಗೋಡೆಯಲ್ಲಿ ಅರ್ಧ ದಪ್ಪ ಉಳಿಸಿ ಕೊರೆದರೆ ಸಿಗುವ ಆಳ ನಾಲ್ಕೂವರೆ ಇಂಚು. ನಮ್ಮ ಬಹುಪಾಲು ಕಾದಂಬರಿ, ಕವನ ಸಂಕಲನಗಳು ಡೆಮಿ 1/8 ಆಕಾರದವು. ಅವುಗಳ ಅಗಲವೇ ಐದೂವರೆ ಇಂಚು. ಗೂಡಿಗಿಂತ ಪುಸ್ತಕವೇ ಒಂದು ಇಂಚು ಮುಂದೆ ಚಾಚುತ್ತದೆ. ನಿಘಂಟು, ವಿಶ್ವಕೋಶಗಳ ಪಾಡು ಕೇಳುವುದೇ ಬೇಡ. ಅಷ್ಟಕ್ಕಾಗಿ ತೆಳುವಾದ ಹೊರಗೋಡೆ ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ತೇವವನ್ನು ಬೇಗ ಒಳಗೆ ಬಿಡುತ್ತದೆ, ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕಂಬ-ತೊಲೆಗಳಿಲ್ಲದೆ ಗೋಡೆಯ ಮೇಲೇ ತಾರಸಿ ನಿಂತ ಹಳೆಯ ಮನೆಗಳಲ್ಲಿ, ಅಲ್ಯೂಮಿನಿಯಂ ಅಚ್ಚಿನಲ್ಲಿ ಗೋಡೆಗಳನ್ನೂ ಕಾಂಕ್ರೀಟಿನಿಂದಲೇ ಎರಕ ಹೊಯ್ದ ಹೊಸ ಅಪಾರ್ಟ್‌ಮೆಂಟುಗಳಲ್ಲಿ, ಕಟ್ಟಡದ ಭಾರ ಹೊರುವುದು ಗೋಡೆಯೇ. ಅಲ್ಲಿ ಕೊರೆದರೆ ಮೇಲಿನ ಮನೆಯವರ ಸುರಕ್ಷತೆಗೂ ಕೈ ಹಾಕಿದಂತೆ.

ಹಾಗಾದರೆ ಕೋಣೆ ಕಿರಿದಾಗುವುದಿಲ್ಲವೇ? ಆಗುತ್ತದೆ, ಆದರೆ ಲೆಕ್ಕ ಹಾಕಿ. ಹತ್ತು ಇಂಚು ಆಳ, ಆರಡಿ ಅಗಲದ ಕಪಾಟು ನೆಲದಲ್ಲಿ ತಿನ್ನುವುದು ಐದು ಚದರಡಿ. ಅದನ್ನೂ ಕೋಣೆಯ ನಡುವಿನಿಂದ ತೆಗೆಯಬೇಕಾಗಿಲ್ಲ. ಗೋಡೆಗಿಂತ ದಪ್ಪವಾದ ಎರಡು ಕಂಬಗಳ ನಡುವಿನ ತಗ್ಗು, ಕಿಟಕಿಯ ಎರಡು ಬದಿ, ಬಾಗಿಲಿನ ಹಿಂದಿನ ಮೂಲೆ, ಇವೆಲ್ಲ ಹೇಗೂ ಬಳಕೆಗೆ ಬಾರದ ಜಾಗಗಳು. ಅಲ್ಲಿ ಕಪಾಟು ನಿಲ್ಲಿಸಿ, ಬದಿಯ ಸಂದಿಗೆ ಗೋಡೆಯ ಓರೆಕೋರೆಗೆ ಹೊಂದುವಂತೆ ಕೆತ್ತಿದ ಪಟ್ಟಿ ಜೋಡಿಸಿ, ತುದಿಯನ್ನು ತೊಲೆಯವರೆಗೆ ಮುಟ್ಟಿಸಿ, ಕೋಣೆಯ ಸ್ಕರ್ಟಿಂಗನ್ನೇ ಕಪಾಟಿನ ಬುಡಕ್ಕೂ ಮುಂದುವರಿಸಿ, ಗೋಡೆಯದೇ ಬಣ್ಣ ಬಳಿದರೆ ಕಣ್ಣಿಗೆ ಅದು ಗೋಡೆಯೇ. ಕಪಾಟು ಬೇರೆ ಎಂದು ಹೇಳಿಕೊಡುವುದು ಸಂದಿಯ ನೆರಳು. ಆ ನೆರಳು ಹೋದರೆ ಕೆಲಸ ಮುಗಿಯಿತು.

ಬಾಡಿಗೆ ಮನೆಯಾದರೆ? ಇಡೀ ಕಪಾಟನ್ನು ಎರಡಡಿ ಅಗಲದ ಪೆಟ್ಟಿಗೆಗಳಾಗಿ ಮಾಡಿಸಿ ಬೋಲ್ಟಿನಿಂದ ಜೋಡಿಸಿ. ಮನೆ ಬಿಡುವಾಗ ಪಟ್ಟಿ ಮಾತ್ರ ಹಿಂದುಳಿಯುತ್ತದೆ. ಎರಡಡಿ ಎಂದದ್ದಕ್ಕೆ ಕಾರಣವಿದೆ. ಡೆಮಿ ಪುಸ್ತಕಗಳನ್ನು ಒತ್ತಾಗಿ ಜೋಡಿಸಿದರೆ ಮೀಟರಿಗೆ ಸುಮಾರು 20 ಕಿಲೋ ಭಾರ. ಇದೇ ಸಾಲನ್ನು ಹೊತ್ತ ಹಲಗೆಯ ಉದ್ದ ಎರಡಡಿಯಿಂದ ಮೂರಡಿಗೆ ಹೋದರೆ ಅದು ಬಾಗುವುದು ಐದು ಪಟ್ಟು. ಚಂದಕ್ಕೆಂದು ಉದ್ದ ಹಲಗೆ ಹಾಕಿಸಿದವರ ಕಪಾಟು ಕೆಲವೇ ವರ್ಷಗಳಲ್ಲಿ ಹೊಟ್ಟೆ ಬಿಡುವುದು ಇದರಿಂದಲೇ. 18 ಮಿಲಿಮೀಟರ್ ಪ್ಲೈವುಡ್, ಎರಡೂವರೆ ಅಡಿಯೊಳಗೆ ಒಂದು ಆಧಾರ: ಇದರಲ್ಲಿ ರಾಜಿ ಬೇಡ. ಗೆದ್ದಲಿನ ಊರುಗಳಲ್ಲಿ ಕೆಳಗಿನ ಸಾಲಿಗೆ ಕಡಪಾ ಕಲ್ಲು ಉತ್ತಮ, ಅದರಲ್ಲಿ ಹುಳುವಿಗೆ ತಿನ್ನಲು ಏನೂ ಇಲ್ಲ. ಹೊರಗೋಡೆಗೆ ಒರಗುವ ಕಪಾಟಿನ ಹಿಂದೆ ಒಂದು ಇಂಚು ಸಂದು ಬಿಟ್ಟು, ಬುಡದಲ್ಲೂ ತುದಿಯಲ್ಲೂ ಗಾಳಿಕಂಡಿ ಕೊಡಿ. ಎತ್ತರದ ಕಪಾಟು ಮುಂದಕ್ಕೆ ಮಗುಚದಂತೆ ಮೇಲ್ಭಾಗವನ್ನು ಗೋಡೆಗೆ ತಿರುಪಿನಿಂದ ಬಿಗಿಯಲೇಬೇಕು, ಮಕ್ಕಳು ಹತ್ತುವ ಮನೆಯಲ್ಲಂತೂ ಖಂಡಿತ.

ಗೂಡನ್ನೇ ಬೇಕೆನ್ನುವವರು ಹೊಸ ಮನೆಯ ನಕ್ಷೆ ಬರೆಸುವಾಗಲೇ ಎಂಜಿನಿಯರಿಗೆ ಹೇಳಿ, ಲಿಂಟೆಲ್ ಸಹಿತ ಕಟ್ಟಿಸಿಕೊಳ್ಳಲಿ. ಉಳಿದವರು ಬಡಗಿಯನ್ನು ಕರೆದ ದಿನ, ಮನೆಯಲ್ಲಿರುವ ಅತಿ ದೊಡ್ಡ ಪುಸ್ತಕವನ್ನು ಅವರ ಕೈಗೆ ಕೊಟ್ಟು ಅಲ್ಲಿಂದ ಅಳತೆ ಶುರುಮಾಡಿಸಿ.