ಊರ ನೆಲ ಎಲ್ಲಿದೆ, ತೋರಿಸಿ

ನಿಮ್ಮೂರಿನ ದನ ಮೇಯುವ ನೆಲದ ಸರ್ವೆ ನಂಬರ್ ನಿಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಕುಸನೂರಿನ ಕತೆ ಕೇಳಿ.

1984ರಲ್ಲಿ ಸರ್ಕಾರದ ಅರಣ್ಯ ನಿಗಮವೂ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಕಟ್ಟಿದವು. ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಯಲು ಸುಮಾರು 30,000 ಹೆಕ್ಟೇರ್ ‘ಸಿ’ ಮತ್ತು ‘ಡಿ’ ದರ್ಜೆಯ ಭೂಮಿ ಕೊಡುವ ಏರ್ಪಾಡಾಯಿತು. ಕಡತದಲ್ಲಿ ಅದು ಪಾಳು. ಆದರೆ ಊರವರ ದನ ಮೇಯುತ್ತಿದ್ದದ್ದು ಅಲ್ಲೇ, ಒಲೆಗೆ ಕಟ್ಟಿಗೆ ಬರುತ್ತಿದ್ದದ್ದೂ ಅಲ್ಲಿಂದಲೇ. ಹೊಲವಿಲ್ಲದವರಿಗಂತೂ ಇದ್ದ ಆಸರೆಯೆಲ್ಲ ಅದೇ. ನೀಲಗಿರಿ ಎಲೆಗೆ ಯಾವ ಎಮ್ಮೆ ಬಾಯಿ ಹಾಕೀತು?

1987ರ ನವೆಂಬರ್ 14ರಂದು, ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಬೇರುಸಮೇತ ಕಿತ್ತರು. ಅದೇ ನೆಲದಲ್ಲಿ ತಮಗೆ ಬೇಕಾದ ಸಸಿ ಹಚ್ಚಿದರು. ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ಎಂದೇ ಅದಕ್ಕೆ ಹೆಸರು. ಕಿತ್ತದ್ದು ಸುದ್ದಿಯಾಯಿತು, ನನಗೆ ದೊಡ್ಡದಾಗಿ ಕಾಣುವುದು ಹಚ್ಚಿದ್ದು. ಬೇಡವೆನ್ನುವ ಕೈಯಲ್ಲೇ ಬೇಕಾದದ್ದೂ ಇತ್ತು.

ಹೋರಾಟ ಹೊಲದಲ್ಲೇ ಮುಗಿಯಲಿಲ್ಲ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಸುಪ್ರೀಂ ಕೋರ್ಟಿಗೂ ಹೋಗಿತ್ತು. ಜೊತೆಗೆ ಅರ್ಜಿದಾರರಾಗಿ ನಿಂತವರು ಶಿವರಾಮ ಕಾರಂತರು. ಆಗ ಅವರಿಗೆ 80 ದಾಟಿತ್ತು! (20 ದಾಟಿದ ನಮ್ಮ ಹುಡುಗರು ‘ಈ ದೇಶ ಸುಧಾರಿಸೋದಿಲ್ಲ ಬಿಡಿ’ ಎಂದಾಗ ನನಗೆ ಅವರೇ ನೆನಪಾಗುತ್ತಾರೆ.) ವರ್ಷಗಟ್ಟಲೆ ಸಭೆ, ಜಾಥಾ, ಪತ್ರ, ಅರ್ಜಿ. ಬೇಸರ ತರಿಸುವ ಕೆಲಸ ಅದು, ಸೆಲ್ಫಿಗೆ ಸಿಗುವಂಥದ್ದಲ್ಲ. 1991ರಲ್ಲಿ ಆ ಕಂಪನಿ ಬಾಗಿಲು ಹಾಕಿತು.

ಈಗ ನಿಮ್ಮ ಕೈಯಲ್ಲಿ ಕುಸನೂರಿನವರಿಗೆ ಇಲ್ಲದ ಹತ್ಯಾರಗಳಿವೆ. 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಕಾಡಂಚಿನ ಊರುಗಳಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಇದೆ. ಊರೊಟ್ಟಿನ ಜಮೀನಿನ ಒತ್ತುವರಿ ತೆರವಿಗೆ ಯೋಜನೆ ಮಾಡಿ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ. ಕಾನೂನು ತಾನಾಗಿ ನಡೆದು ಬರುವುದಿಲ್ಲ, ಯಾರಾದರೂ ಅದನ್ನು ಗ್ರಾಮಸಭೆಗೆ ಕರೆದುಕೊಂಡು ಬರಬೇಕು.

ಬೆಂಗಳೂರಿನಲ್ಲಿ ಇರುವವರೇ, ಈ ಸಲ ಹಬ್ಬಕ್ಕೆ ಹೋದಾಗ ಒಂದು ದಿನ ಹೆಚ್ಚು ಉಳಿಯಿರಿ. ಊರಿನ ನಕಾಶೆ ತೆಗೆಸಿ. ದನ ಕಾಯುವ ಹಿರಿಯರನ್ನು ಕರೆದುಕೊಂಡು ಗೋಮಾಳ, ಕೆರೆಯಂಗಳ, ಗುಂಡುತೋಪುಗಳ ಗಡಿ ನಡೆದು ನೋಡಿ. ನಕಾಶೆಯಲ್ಲಿರುವ ನೆಲ ಕಣ್ಣೆದುರು ಇಲ್ಲದಿದ್ದರೆ ಒಬ್ಬರೇ ಜಗಳಕ್ಕೆ ಹೋಗಬೇಡಿ. ಹೆಂಗಸರ ಸಂಘಗಳಿಗೆ ಮೊದಲು ಹೇಳಿ, ಕಟ್ಟಿಗೆ-ಮೇವಿನ ಲೆಕ್ಕ ಅವರಿಗೇ ಗೊತ್ತು. ಆಮೇಲೆ ಎಲ್ಲರೂ ಸೇರಿ ಅರ್ಜಿ ಬರೆಯಿರಿ, ಸ್ವೀಕೃತಿ ಪಡೆಯದೆ ಪಂಚಾಯಿತಿ ಮೆಟ್ಟಿಲು ಇಳಿಯಬೇಡಿ.