ನಮ್ಮ ಜನ ಏನು ಓದುತ್ತಾರೆ?

(ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಕೊಡಗಿನ ಜನ ಬೇಸರ ಕಳೆಯುವುದಕ್ಕೆಂದು, ಸಂತೋಷಕ್ಕೆಂದು ಏನನ್ನು ಓದುತ್ತಾರೆ ಎಂಬುದು ಇಂದಿನ ವಿಷಯ. ಪರೀಕ್ಷೆಗೆ ಓದುವುದು, ಕೋರ್ಟಿನ ನೋಟೀಸು ಓದುವುದು, ಕಾಫಿ ಮೆಣಸಿನ ಧಾರಣೆ ಓದುವುದು ಬೇರೆ ಮಾತು. ಯಾರ ಬಲವಂತವೂ ಇಲ್ಲದೆ, ರಾತ್ರಿ ಉಂಡಾದ ಮೇಲೆ ಕೈಗೆತ್ತಿಕೊಳ್ಳುವ ಓದಿನ ಮಾತು ಇದು. ಕೂಲಿಯ ಪ್ರಶ್ನೆ, ಮನೆಯ ಪ್ರಶ್ನೆ ಇರುವಾಗ ಕಥೆಪುಸ್ತಕದ ಚರ್ಚೆ ಯಾಕೆ ಎಂದು ಕೆಲವರು ಕೇಳಬಹುದು. ಎಂಟು ಗಂಟೆಯ ದುಡಿಮೆಗಾಗಿ ಹೋರಾಡಿದವರು ನಿದ್ದೆಗೆ ಎಂಟು ಗಂಟೆ ಬಿಟ್ಟು, ಉಳಿದ ಎಂಟು ಗಂಟೆ ನಮ್ಮದು ಎಂದಿದ್ದರು. ಆ ಮೂರನೆಯ ಎಂಟು ಗಂಟೆ ಏನಾಯಿತೆಂದು ವಿಚಾರಿಸುವವರು ಬಹಳ ಕಡಿಮೆ. ಅದಕ್ಕೇ ಈ ವಿಷಯ ಆರಿಸಿದೆವು.

ನಮ್ಮ ಜಿಲ್ಲೆಯಲ್ಲಿ ಓದಿಗೂ ಒಂದು ಹಂಗಾಮುಂಟು. ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ, ಗಿರಣಿಯಲ್ಲಿ ಮೂಟೆ ಇಳಿಯುವ ಕಾಲದಲ್ಲಿ ಪುಸ್ತಕ ಹಿಡಿದವನ ಕಣ್ಣು ಎರಡನೆಯ ಪುಟಕ್ಕೇ ಮುಚ್ಚುತ್ತದೆ. ಜೂನಿನಲ್ಲಿ ಮಳೆ ಹಿಡಿದು ಕಕ್ಕಡ ಮುಗಿಯುವ ತನಕ ಕತೆ ಬೇರೆ. ಅಂಗಡಿಗೆ ಗಿರಾಕಿ ಇಲ್ಲ, ಹೊರಗೆ ಹೋಗುವ ಹಾಗಿಲ್ಲ, ಕರೆಂಟು ಬಂದರೆ ಬಂತು. ಆಗ ಸಾಮಾನು ಕಟ್ಟುವುದಕ್ಕೆಂದು ತೂಕಕ್ಕೆ ತಂದ ಹಳೆಯ ವಾರಪತ್ರಿಕೆಯನ್ನೂ ಅಂಗಡಿಯವರು ಹರಿಯದೆ ಓದುವುದುಂಟು. ಧಾರಾವಾಹಿಯ ಒಂದು ಕಂತು ಸಿಕ್ಕಿ ಮುಂದಿನ ಕಂತು ಯಾರದೋ ಬೆಲ್ಲದ ಪೊಟ್ಟಣವಾಗಿ ಹೋದ ದುಃಖ ಸಣ್ಣ ವ್ಯಾಪಾರಿಗೆ ಮಾತ್ರ ಗೊತ್ತು.

ಏನು ಓದುತ್ತೀರಿ ಎಂದು ಕೇಳಿದರೆ ಮಾತ್ರ ನಮ್ಮವರು ನಾಚಿಕೊಳ್ಳುತ್ತಾರೆ. “ಅದೇ, ಏನೋ ಕಾದಂಬರಿ” ಎಂದು ಪುಸ್ತಕವನ್ನು ದಿಂಬಿನಡಿ ತಳ್ಳುತ್ತಾರೆ. ಓದಿದವರೆನಿಸಿಕೊಂಡವರು ಈ ನಾಚಿಕೆಯನ್ನು ಕಲಿಸಿಕೊಟ್ಟಿದ್ದಾರೆ. ಅಗ್ಗದ ಓದು, ಹೆಂಗಸರ ಓದು, ಕೂಲಿಯವರ ಓದು ಎಂದು ಮೂಗು ಮುರಿಯುವವರು ನಮ್ಮ ಊರಲ್ಲೂ ಇದ್ದಾರೆ.

ಹೆಂಗಸರ ಓದಿನ ವಿಷಯವನ್ನೇ ಮೊದಲು ನೋಡೋಣ. ಮಡಿಕೇರಿಯಲ್ಲಿ 1912ರಲ್ಲಿ ಹುಟ್ಟಿದ ಗೌರಮ್ಮನವರು ಮದುವೆಯಾಗಿ ಸುಂಟಿಕೊಪ್ಪದ ಬಳಿ ಕಾಫಿ ತೋಟದಲ್ಲಿ ಇದ್ದರು. ಪತಿ ಅಲ್ಲಿ ಮ್ಯಾನೇಜರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತಮ್ಮ ಮನೆಗೂ ಬರಬೇಕೆಂದು ಉಪವಾಸ ಕೂತು ಕರೆಸಿಕೊಂಡು, ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟ ಹೆಣ್ಣುಮಗಳು ಇವರು. ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಿ ಕತೆ ಬರೆದರು. 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡಾಗ ವಯಸ್ಸು ಇಪ್ಪತ್ತೇಳು. ‘ಕಂಬನಿ’, ‘ಚಿಗುರು’ ಎಂದು ಕತೆಗಳು ಪುಸ್ತಕವಾದದ್ದು ಆಮೇಲೆ. ಮೊದಲು ಅವನ್ನು ಓದಿದವರು ಪತ್ರಿಕೆಯಲ್ಲಿ ಕತೆಯೆಂದೇ ಓದಿದರು; ಓದಿ ಮುಗಿಸುವ ಹೊತ್ತಿಗೆ ವಿಧವೆಯ ಪಾಡು ಮನಸ್ಸಿಗೆ ನಾಟಿರುತ್ತಿತ್ತು. ‘ಅಪರಾಧಿ ಯಾರು?’ ಎಂಬುದು ಒಂದು ಕತೆಯ ಹೆಸರು. ಸಂತೋಷಕ್ಕೆ ಓದುವ ಓದು ಕೀಳೆಂದು ಹೇಳುವವರು ಇದಕ್ಕೇನೆನ್ನುತ್ತಾರೆ?

ನಮ್ಮ ನೆಲದ ಇನ್ನೊಬ್ಬರು ಭಾರತೀಸುತ, ಅಂದರೆ ಎಸ್.ಆರ್. ನಾರಾಯಣ ರಾವ್. ಮೇಷ್ಟರ ಕೆಲಸ ಮಾಡಿಕೊಂಡು ಕಾದಂಬರಿ ಬರೆದವರು. ಅವರ ‘ಎಡಕಲ್ಲು ಗುಡ್ಡದ ಮೇಲೆ’ 1973ರಲ್ಲಿ ಪುಟ್ಟಣ್ಣ ಕಣಗಾಲರ ಕೈಯಲ್ಲಿ ಚಿತ್ರವಾಯಿತು. ‘ಹುಲಿಯ ಹಾಲಿನ ಮೇವು’ 1979ರಲ್ಲಿ ರಾಜಕುಮಾರರ ಚಿತ್ರವಾಗಿ ಬರುವಾಗ ಬರೆದವರು ಬದುಕಿರಲಿಲ್ಲ. ಟಾಕೀಸಿನಲ್ಲಿ ನೋಡಿ ಬಂದು ಪುಸ್ತಕ ಹುಡುಕಿದವರು ಎಷ್ಟೋ ಮಂದಿ. ಸಿನಿಮಾ ಓದನ್ನು ಕೊಂದಿತೆಂಬ ಮಾತನ್ನು ನಾವು ಪೂರ್ತಿ ಒಪ್ಪುವುದಿಲ್ಲ.

ಇನ್ನು ಪತ್ತೇದಾರಿ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ 1950ರ ದಶಕದಿಂದ ಎಷ್ಟೋ ಪುಸ್ತಕಗಳಲ್ಲಿ ಕಳ್ಳರನ್ನು ಹಿಡಿದ. ಸಾಹಿತ್ಯದ ಚರಿತ್ರೆ ಬರೆಯುವವರು ಅವನಿಗೆ ಕುರ್ಚಿ ಕೊಟ್ಟಿಲ್ಲ. ಆದರೆ ನಮ್ಮ ಜಿಲ್ಲೆಯ ಸಂಗತಿ ಯೋಚಿಸಿ. ಮನೆಯಲ್ಲಿ ಒಬ್ಬರದು ಕೊಡವ ತಕ್ಕ್, ಒಬ್ಬರದು ಅರೆಭಾಷೆ, ಇನ್ನೊಬ್ಬರದು ಮಲೆಯಾಳ, ತುಳು, ಯರವರ ನುಡಿ. ಓದುವುದು ಕನ್ನಡದಲ್ಲಿ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡುಗಳನ್ನು ಕೂಡಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಅಚ್ಚು ಹಾಕಿಸಿದ್ದೂ ಕನ್ನಡ ಅಕ್ಷರದಲ್ಲೇ. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟ ಹುಡುಗ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದವನು, ಕೊಲೆ ಮಾಡಿದವನು ಯಾರೆಂದು ತಿಳಿಯುವ ಆತುರದಲ್ಲಿ ಸರಾಗವಾಗಿ ಓದಲು ಕಲಿತ. ಯಾವ ವಯಸ್ಕರ ಶಿಕ್ಷಣ ಸಮಿತಿಯೂ ಇಷ್ಟು ಸುಲಭವಾಗಿ ಆ ಕೆಲಸ ಮಾಡಿದ್ದನ್ನು ನಾವು ಕಾಣೆವು.

ಹಾಗೆಂದು ಎಲ್ಲವನ್ನೂ ಹೊಗಳುತ್ತ ಕೂರುವುದಿಲ್ಲ. ಒಂದು ಜಾತಿಯ ಕಾದಂಬರಿಯಲ್ಲಿ ಎಸ್ಟೇಟಿನ ಮಾಲಿಕನೇ ನಾಯಕ. ಎತ್ತರದ ಆಳು, ಜೀಪು, ಮುಂಗೋಪ, ಒಳಗೆ ಚಿನ್ನದಂಥ ಮನಸ್ಸು. ಬಡವರ ಹುಡುಗಿ ಅವನನ್ನು ಮದುವೆಯಾಗುವುದರಿಂದ ಕಷ್ಟ ಪರಿಹಾರ. ಲೈನ್ ಮನೆಯ ಮಾಡು ಸೋರುವ ಸಂಗತಿ ಇನ್ನೂರು ಪುಟದಲ್ಲಿ ಎಲ್ಲಿಯೂ ಬಾರದು! ಇದನ್ನು ಓದಬೇಡಿ ಎಂದು ನಾವು ಹೇಳುವುದಿಲ್ಲ. ಬೀಜ ಆರಿಸುವ ಹೆಂಗಸರು ಇದನ್ನೇ ಓದಿ ಮಧ್ಯಾಹ್ನದ ಬಿಡುವಿನಲ್ಲಿ ಬಿದ್ದು ಬಿದ್ದು ನಗುವುದನ್ನು ನಾವು ನೋಡಿದ್ದೇವೆ. ಮಾಲಿಕರ ವಿಷಯ ಅವರಿಗೆ ಬರೆದವರಿಗಿಂತ ಚೆನ್ನಾಗಿ ಗೊತ್ತು.

ಇಂದು ನಮ್ಮವರ ಕೈಯಲ್ಲಿ ಹೆಚ್ಚು ಸವೆದ ಪುಸ್ತಕ ಯಾವುದೆಂದರೆ ನಾವು ಪೂರ್ಣಚಂದ್ರ ತೇಜಸ್ವಿಯವರ ಹೆಸರು ಹೇಳುತ್ತೇವೆ. ಅವರು ಮೂಡಿಗೆರೆಯಲ್ಲಿ ತಾವೇ ಕಾಫಿ ಬೆಳೆದವರು, 2007ರಲ್ಲಿ ತೀರಿಕೊಂಡರು. ಬೇರೇನೂ ಓದದವರು ಕೂಡ 1980ರ ‘ಕರ್ವಾಲೊ’ ಓದಿರುತ್ತಾರೆ. ಹಳ್ಳಿಯ ದಡ್ಡನೆಂದು ಎಲ್ಲರೂ ತಿಳಿದ ಮಂದಣ್ಣನಲ್ಲಿ ದೊಡ್ಡ ವಿಜ್ಞಾನಿ ತನ್ನ ಸಮಾನನನ್ನು ಕಾಣುತ್ತಾನೆ. ‘ಜುಗಾರಿ ಕ್ರಾಸ್’ನಲ್ಲಿ ಏಲಕ್ಕಿ ಬೆಳೆದವನ ಗೋಳು, ಕಾಡಿನ ಕಳ್ಳಸಾಗಣೆ, ನಮ್ಮ ಮನೆ ಹಿತ್ತಲಿನ ಸುದ್ದಿಯಂತೆ ಓದಿಸಿಕೊಳ್ಳುತ್ತದೆ. ಅಲ್ಲಿ ಸೋರುವ ಮಾಡೂ ಇದೆ, ನಗುವೂ ಇದೆ.

ಹುಡುಗರೂ ಹೆಂಗಸರೂ ಈಗ ಮೊಬೈಲಿನಲ್ಲಿ ಓದುತ್ತಾರೆ. 2014ರಲ್ಲಿ ಆರಂಭವಾದ ‘ಪ್ರತಿಲಿಪಿ’ಯಂಥ ಕಡೆ ಗೃಹಿಣಿಯರೇ ಕಂತು ಕಂತಾಗಿ ಕತೆ ಬರೆದು, ಗೃಹಿಣಿಯರೇ ಓದುತ್ತಾರೆ. ‘ಸುಧಾ’, ‘ತರಂಗ’ಗಳ ಧಾರಾವಾಹಿಗೆ ಕಾದಿದ್ದ ತಾಯಂದಿರ ಮಕ್ಕಳು ಇವರು. ಕೆಲವು ಕಂತಿಗೆ ದುಡ್ಡು ಕೇಳುತ್ತದೆ, ಮಳೆಗಾಲದಲ್ಲಿ ಸಿಗ್ನಲ್ಲೂ ಸಿಗುವುದಿಲ್ಲ ಎಂಬುದು ಇವರ ದೂರು.

ಈಗ ಗ್ರಂಥಾಲಯದ ಮಾತು. ವ್ಯಾಪಾರಿ ಮಿತ್ರರು ಸ್ವಲ್ಪ ಗಮನವಿಟ್ಟು ಕೇಳಬೇಕು. ನಮ್ಮ ರಾಜ್ಯಕ್ಕೆ 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಅಂಗಡಿಗೆ, ಮನೆಗೆ ನೀವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಸೇರಿರುತ್ತದೆ. ರಶೀದಿ ತೆಗೆದು ನೋಡಿ. ವಸೂಲಾದ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಕ್ಕೆ ಪೂರ್ತಿ ದಾಟಿಸುವುದಿಲ್ಲವೆಂಬ ದೂರು ಬೆಂಗಳೂರಿನಲ್ಲೇ ಹಳೆಯದು. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಪಂಚಾಯತಿ ಇಲಾಖೆಗೆ ಸೇರಿದುವು, ಈಗ ‘ಅರಿವು ಕೇಂದ್ರ’ ಎಂದು ಹೆಸರು. 2020ರಲ್ಲಿ ಮಕ್ಕಳಿಗೆ ‘ಓದುವ ಬೆಳಕು’ ಬಂತು, ಒಳ್ಳೆಯ ಕೆಲಸ. ದುಡಿಯುವ ದೊಡ್ಡವರಿಗೆ ಏನು? ಗಿರಣಿಯ ಶಿಫ್ಟು ಬಿಡುವಾಗ ಬಾಗಿಲು ಹಾಕಿರುವ ಗ್ರಂಥಾಲಯ ಯಾರ ಉಪಯೋಗಕ್ಕೆ? ತೋಟದವರ ವಿಷಯ ಇನ್ನೂ ಹಿಂದೆ. ಕಾರ್ಮಿಕರಿಗೆ ಮನರಂಜನೆಯ ಸೌಕರ್ಯ ಇರಬೇಕೆಂದು 1951ರ ಪ್ಲಾಂಟೇಶನ್ ಕಾಯ್ದೆಯಲ್ಲೇ ಬರೆದಿತ್ತು. ಅಲ್ಲಿ ಇಲ್ಲಿ ಒಂದು ಕೇರಂ ಬೋರ್ಡು ಬಂತು. ಪುಸ್ತಕದ ಕಪಾಟು ಇಟ್ಟ ತೋಟ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಪುಸ್ತಕ ಕೊಳ್ಳುವವರು ಓದುವವರನ್ನು ಕೇಳುವುದೂ ಇಲ್ಲ. ಬಂದ ಕಟ್ಟು ಬಿಚ್ಚಿದರೆ ಯಾರೂ ಕೇಳದ ಗ್ರಂಥಗಳು, ಕೇಳಿದ ಕಾದಂಬರಿಗೆ ಮೂರು ಪುಟ ಮುಂದೆ, ಎಂಟು ಪುಟ ಹಿಂದೆ ಇಲ್ಲ.

ಆದುದರಿಂದ ನಾವು ಎರಡು ಅರ್ಜಿ ಬರೆದು ತಂದಿದ್ದೇವೆ. ಒಂದು, ಗ್ರಂಥಾಲಯವನ್ನು ಸಂಜೆ ಐದರಿಂದ ರಾತ್ರಿ ಎಂಟೂವರೆಯವರೆಗೆ, ಭಾನುವಾರ ಇಡೀ ದಿನ ತೆರೆದಿಡಬೇಕೆಂದು. ಸಿಬ್ಬಂದಿಗೆ ಅದಕ್ಕೆ ತಕ್ಕ ಸಂಬಳವನ್ನೂ ಕೊಡಬೇಕೆಂದು ಅದರಲ್ಲೇ ಬರೆದಿದೆ. ಎರಡನೆಯದರಲ್ಲಿ ಬೇಕಾದ ಪುಸ್ತಕಗಳ ಪಟ್ಟಿಗೆ ಜಾಗ ಬಿಟ್ಟಿದ್ದೇವೆ. ಪತ್ತೇದಾರಿಯಾಗಲಿ, ಪ್ರೇಮದ ಕಥೆಯಾಗಲಿ, ನಾಚಿಕೆಪಡದೆ ಹೆಸರು ಬರೆಸಿ. ಅಕ್ಷರ ಬಾರದವರು ಬಾಯಲ್ಲಿ ಹೇಳಿದರೆ ಬರೆದುಕೊಳ್ಳುತ್ತೇವೆ. ಕಾಗದ ಬಾಗಿಲ ಪಕ್ಕದ ಮೇಜಿನ ಮೇಲಿದೆ.